ಸಣ್ಣ ತೈಲ ಕಂಪನಿಗಳು: ಬಾವಿ ನೋಡ್ಬೇಕಾ, ನಡೆಸೋ ಟೀಮ್ ನೋಡ್ಬೇಕಾ?

ಕ್ಯಾಲ್ಗರಿ_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಸಣ್ಣ ತೈಲ ಕಂಪನಿ ಷೇರು ತಗೊಳೋದು ಜೂಜು ಅಂತ ಸುಮಾರು ಜನ ಇಲ್ಲಿ ಬರೀತಾರೆ, ಅರ್ಧ ಒಪ್ತೀನಿ. ಆದ್ರೆ ನಾನಿರೋ ಊರಲ್ಲಿ, ಕೆನಡಾದ ಕ್ಯಾಲ್ಗರಿಲಿ, ಒಂದು ಪದ್ಧತಿ ಇದೆ, ಅದನ್ನ ಮೊದಲು ಹೇಳಿಬಿಡ್ತೀನಿ. ಒಂದು ಟೀಮ್ ಸಣ್ಣ ಕಂಪನಿ ಕಟ್ಟುತ್ತೆ, ಐದಾರು ವರ್ಷ ಬೆಳೆಸುತ್ತೆ, ದೊಡ್ಡ ಕಂಪನಿಗೆ ಮಾರುತ್ತೆ, ಆಮೇಲೆ ಅದೇ ಜಿಯಾಲಜಿಸ್ಟು ಅದೇ ಎಂಜಿನಿಯರು ಅದೇ ಫೈನಾನ್ಸ್‌ನವರು ಸೇರಿ ಇನ್ನೊಂದು ಶುರು ಮಾಡ್ತಾರೆ. ಕೆಲವು ಟೀಮ್‌ಗಳದು ಇದು ಮೂರನೇದು, ನಾಲ್ಕನೇದು.

ಎಲ್ಲರಿಗೂ ಗೊತ್ತಿರೋ ಹೆಸರು ಮೈಕ್ ರೋಸ್. ಮೊದಲು ಬರ್ಕ್ಲಿ ಪೆಟ್ರೋಲಿಯಂ, ಅದನ್ನ 2001ರಲ್ಲಿ ಅನಡಾರ್ಕೋ ತಗೊಂಡ್ತು. ಆಮೇಲೆ ಡುವರ್ನೇ ಆಯಿಲ್, ಅದನ್ನ 2008ರ ಜುಲೈಯಲ್ಲಿ ಶೆಲ್‌ಗೆ ಷೇರಿಗೆ 83 ಕೆನಡಾ ಡಾಲರ್‌ನಂತೆ ಒಪ್ಪಂದ ಮಾಡ್ಕೊಂಡು ಮಾರಿದ್ರು. ಆ ತಿಂಗಳು ಕಚ್ಚಾ ತೈಲ 147 ಡಾಲರ್ ಮುಟ್ಟಿತ್ತು, ನೆನಪಿರಬಹುದು. ಅಲ್ಲಿಂದ ಕೆಲವೇ ತಿಂಗಳಲ್ಲಿ ಮಾರ್ಕೆಟ್ ಕುಸಿದು ಎಲ್ಲರೂ ಆಸ್ತಿ ಮಾರೋಕೆ ನಿಂತಾಗ ಟೂರ್ಮಲೀನ್ ಶುರು ಮಾಡಿ ಜಾಗ ತಗೊಳ್ಳೋಕೆ ಹೊರಟ್ರು, ಅದು ಇವತ್ತು ಕೆನಡಾದ ಅತಿ ದೊಡ್ಡ ಗ್ಯಾಸ್ ಉತ್ಪಾದಕ ಕಂಪನಿ.

ನನ್ನ ವಾದ ಇಷ್ಟೇ. ಈ ವ್ಯವಹಾರದಲ್ಲಿ ಟೀಮ್ ಮೇಲೆ ದುಡ್ಡು ಹಾಕೋದು ಸರಿಯಾದ ದಾರಿನೇ, ಆದ್ರೆ ಆ ಟೀಮ್ ಹಿಂದೆ ಗೆದ್ದಿದ್ದು ಯಾವ ಕೆಲಸದಲ್ಲಿ ಅಂತ ಬಿಡಿಸಿ ನೋಡ್ಬೇಕು. ಹೊಸ ತೈಲ ಹುಡುಕಿದ್ದಾ, ಗೊತ್ತಿರೋ ತೈಲವನ್ನ ಕಡಿಮೆ ಖರ್ಚಲ್ಲಿ ತೆಗೆದಿದ್ದಾ, ಇಲ್ಲಾ ಒಳ್ಳೇ ಹೊತ್ತಲ್ಲಿ ಮಾರಿದ್ದಾ. ಮೂರೂ ಬೇರೆ ಬೇರೆ ವಿದ್ಯೆ. ನಿಮ್ಮ ಅಭಿಪ್ರಾಯ ಹೇಳಿ.

ಹುಬ್ಬಳ್ಳಿ_ಹುಡುಗ:
ಅಲ್ರೀ ಸರ್, 2008ರ ಜುಲೈದಾಗ ಮಾರಿದ್ದು ಜಾಣತನ ಅಂತೀರಿ, ಅದು ಅದೃಷ್ಟ ಯಾಕ ಇರಬಾರ್ದು? ಶೆಲ್‌ನವ್ರು ಬಂದು ಬಾಗಿಲು ಬಡದ್ರು, ಇವ್ರು ಕೊಟ್ರು. ನಾ ಟೂರ್ಮಲೀನ್ ಚಾರ್ಟ್ ತಗದು ನೋಡಿನ್ರಿ. 2010ರಾಗ ಐಪಿಒ 21 ಡಾಲರ್. ಹತ್ತು ವರ್ಷ ಆದಮ್ಯಾಲೆ 2020ರ ಮಾರ್ಚ್‌ದಾಗ ಹತ್ತು ಡಾಲರ್‌ಕಿಂತ ಕೆಳಗ ಇತ್ತು! ಉತ್ಪಾದನೆ ಎಷ್ಟೋ ಪಟ್ಟು ಏರೇತಿ, ಮ್ಯಾನೇಜ್ಮೆಂಟ್ ಅದ ಐತಿ, ಎಲ್ಲಾರೂ ಹೊಗಳ್ತಾರ, ಆದ್ರ ಐಪಿಒದಾಗ ತಗೊಂಡಾವಂಗ ಏನ್ ಸಿಕ್ತ್ರಿ? ಗ್ಯಾಸ್ ರೇಟ್ ಬಿದ್ರ ಎಂಥಾ ಟೀಮ್ ಇದ್ರೂ ಏನೂ ಮಾಡಾಕ ಆಗೂದಿಲ್ಲ.

ಕ್ಯಾಲ್ಗರಿ_ಕನ್ನಡಿಗ:
ನಿಜ, ಅದನ್ನ ಅಲ್ಲಗಳೆಯಲ್ಲ. ಅದೇ ಷೇರು 2022ರ ಹೊತ್ತಿಗೆ ಹಲವು ಪಟ್ಟು ಏರಿದ್ದೂ ರೇಟ್ ಏರಿದ್ದಕ್ಕೇನೇ. ತೈಲ ಗ್ಯಾಸ್ ರೇಟು ಯಾವ ಮ್ಯಾನೇಜ್ಮೆಂಟ್ ಕೈಯಲ್ಲೂ ಇಲ್ಲ. ಆದ್ರೆ ಆ ಹತ್ತು ವರ್ಷದಲ್ಲಿ ನಮ್ಮ ಆಲ್ಬರ್ಟಾ ಪ್ರಾಂತ್ಯದಲ್ಲಿ ಎಷ್ಟು ಗ್ಯಾಸ್ ಕಂಪನಿ ದಿವಾಳಿ ಆದ್ವು ಅಂತಾನೂ ನೋಡಿ. ಒಳ್ಳೇ ಟೀಮ್ ಮಾಡೋದು ಕೆಟ್ಟ ಕಾಲದಲ್ಲಿ ಸಾಯದೇ ಇರೋದು, ಸಾಯ್ತಿರೋರ ಆಸ್ತಿ ತಗೊಳೋದು.

ಬೆಲ್ಲಾಟ್ರಿಕ್ಸ್ ಅಂತ ಒಂದು ಕಂಪನಿ ಸಾಲದಲ್ಲಿ ಮುಳುಗಿ ಹೋಯ್ತು. ಅದರ ಆಸ್ತಿ 2020ರಲ್ಲಿ ಸ್ಪಾರ್ಟನ್ ಡೆಲ್ಟಾ ಕೊಂಡ್ಕೊಂಡ್ತು, ನೂರು ಮಿಲಿಯನ್ ಡಾಲರ್ ಸುತ್ತಮುತ್ತ. ಸ್ಪಾರ್ಟನ್ ಹೆಸರಲ್ಲಿ ರಿಕ್ ಮೆಕ್‌ಹಾರ್ಡಿಯವರ ಟೀಮ್ ಅದಕ್ಕೆ ಮುಂಚೆನೇ ಕಂಪನಿ ಕಟ್ಟಿ ಮಾರಿತ್ತು, ಸ್ಪಾರ್ಟನ್ ಆಯಿಲ್ ಬೊಂಟೆರಾಗೆ, ಸ್ಪಾರ್ಟನ್ ಎನರ್ಜಿ 2018ರಲ್ಲಿ ವರ್ಮಿಲಿಯನ್‌ಗೆ. ಡೆಲ್ಟಾದಲ್ಲಿ ಏನ್ಮಾಡಿದ್ರು ಅಂದ್ರೆ 2023ರಲ್ಲಿ ಮಾಂಟ್ನಿ ಅನ್ನೋ ಪದರದಲ್ಲಿದ್ದ ಜಾಗದ ಒಂದು ಭಾಗವನ್ನ ಕ್ರೆಸೆಂಟ್ ಪಾಯಿಂಟ್‌ಗೆ 170 ಕೋಟಿ ಕೆನಡಾ ಡಾಲರ್‌ಗೆ ಮಾರಿ, ಷೇರಿಗೆ 9.50 ಡಾಲರ್ ವಿಶೇಷ ಡಿವಿಡೆಂಡ್ ಅಂತ ಕೈಗೇ ಕೊಟ್ಟುಬಿಟ್ರು. ಜಾಗ ತಗೊಂಡ ಟೈಮು, ಮಾರಿದ ಟೈಮು, ಬಂದ ದುಡ್ಡನ್ನ ಷೇರುದಾರರಿಗೆ ಮುಟ್ಟಿಸಿದ ರೀತಿ, ಮೂರೂ ಅವರದೇ ನಿರ್ಧಾರ ಅಲ್ವಾ.

ಲೆಕ್ಕಪತ್ರ:
ಕ್ಯಾಶ್ ಅನ್ನೋ ವಿಷ್ಯ ಬಂದಿದ್ದಕ್ಕೆ ಒಂದು ಸೇರಿಸ್ತೀನಿ. ಎಷ್ಟಕ್ಕೆ ಮಾರಿದ್ರು ಅನ್ನೋದಷ್ಟೇ ಮುಖ್ಯ ಅಲ್ಲ, ಕ್ಯಾಶ್ ತಗೊಂಡು ಮಾರಿದ್ರಾ ಷೇರು ತಗೊಂಡು ಮಾರಿದ್ರಾ ಅನ್ನೋದೂ ಮುಖ್ಯ. ರೇಜಿಂಗ್ ರಿವರ್ ಉದಾಹರಣೆ ತಗೊಳ್ಳಿ. ನೀಲ್ ರೋಸೆಲ್ ಟೀಮ್. ಅವರದು ಮುಂಚೆ ವೈಲ್ಡ್ ಸ್ಟ್ರೀಮ್, ಅದನ್ನ 2012ರಲ್ಲಿ ಕ್ರೆಸೆಂಟ್ ಪಾಯಿಂಟ್ ತಗೊಂಡ್ತು, ಆ ಡೀಲಲ್ಲೇ ಬೇರೆ ಮಾಡಿದ ಒಂದು ಭಾಗದಿಂದ ರೇಜಿಂಗ್ ರಿವರ್ ಹುಟ್ತು. ಸಸ್ಕಾಚೆವಾನ್‌ನ ವೈಕಿಂಗ್ ಅನ್ನೋ ಪದರದ ತೈಲದಲ್ಲಿ ಆ ಟೀಮ್ ಹೆಸರು ಅಂದ್ರೆ ಚಿನ್ನ. 2018ರಲ್ಲಿ ಬೇಟೆಕ್ಸ್ ಜೊತೆ ವಿಲೀನ, ಒಂದು ರೇಜಿಂಗ್ ರಿವರ್ ಷೇರಿಗೆ 1.36 ಬೇಟೆಕ್ಸ್ ಷೇರು, ಕ್ಯಾಶ್ ಇಲ್ಲ. ಸಾಲ ಕಮ್ಮಿ ಇದ್ದ ಕಂಪನಿಯ ಷೇರುದಾರರು ಸಾಲ ಜಾಸ್ತಿ ಇದ್ದ ಕಂಪನಿಯ ಷೇರುದಾರರಾದ್ರು. ಅದೇ ವರ್ಷದ ಕೊನೇಲಿ ಕೆನಡಾದ ಹೆವಿ ಆಯಿಲ್‌ಗೆ ಅಮೆರಿಕದ ರೇಟಿಗಿಂತ 40 ಡಾಲರ್‌ಗೂ ಜಾಸ್ತಿ ಕಡಿತ ಆಯ್ತು, ಪೈಪ್‌ಲೈನ್‌ಲಿ ಜಾಗ ಇಲ್ಲದೆ ಆಲ್ಬರ್ಟಾ ಸರ್ಕಾರನೇ ಉತ್ಪಾದನೆ ಕಡಿಮೆ ಮಾಡಿ ಅಂತ ಆದೇಶ ಹೊರಡಿಸ್ತು. 2020ರ ಮಾರ್ಚ್ ಹೊತ್ತಿಗೆ ಬೇಟೆಕ್ಸ್ ಷೇರು ಒಂದು ಡಾಲರ್‌ಗಿಂತ ಕೆಳಗೆ.

ಮ್ಯಾನೇಜ್ಮೆಂಟ್ ಮೇಲಿನ ನಂಬಿಕೆಯಿಂದ ಷೇರು ಹಿಡ್ಕೊಂಡಿದ್ದೋರು, ಆ ಮ್ಯಾನೇಜ್ಮೆಂಟ್ ನಡೆಸದೇ ಇರೋ ಕಂಪನಿಯ ಷೇರು ಇಟ್ಕೊಂಡು ಕೂತ್ರು. ಹಂಗಾಗಿ ವಿಲೀನ ಘೋಷಣೆ ಆದ ದಿನ ಮತ್ತೆ ಮೊದಲಿಂದ ಯೋಚನೆ ಮಾಡ್ಲೇಬೇಕು. ನೀವು ನಂಬಿದ ಜನ ಹೊಸ ಕಂಪನಿಯಲ್ಲಿ ಯಾವ ಕುರ್ಚಿಯಲ್ಲಿ ಕೂರ್ತಾರೆ ಅಂತ ನೋಡಿ.

ಸುರತ್ಕಲ್_ಕಡೆಯವ:
ಕೆನಡಾದ ವಿಷಯ ನನಗೆ ಅಷ್ಟು ಗೊತ್ತಿಲ್ಲ ಮಾರಾಯ್ರೇ, ನಾನು ರಿಫೈನರಿಯಲ್ಲಿ ಇದ್ದವ, ಈಗ ರಿಟೈರ್ಡ್. ಆದರೆ ನಮ್ಮ ದೇಶದಲ್ಲೇ ಇದಕ್ಕೆ ಒಂದು ದೊಡ್ಡ ಕಥೆ ಉಂಟು, ಕೈರ್ನ್. ಸ್ಕಾಟ್ಲೆಂಡಿನ ಎಡಿನ್‌ಬರೋದ ಕಂಪನಿ, ಬಿಲ್ ಗ್ಯಾಮೆಲ್ ಎಂಬವರು ನಡೆಸುತ್ತಿದ್ದದ್ದು, ಅವರು ಮೊದಲು ಸ್ಕಾಟ್ಲೆಂಡಿಗೆ ರಗ್ಬಿ ಆಡಿದವರು. 1996ರಲ್ಲಿ ಆಸ್ಟ್ರೇಲಿಯಾದ ಕಮಾಂಡ್ ಪೆಟ್ರೋಲಿಯಂ ತೆಗೆದುಕೊಂಡು ಅದರ ಮೂಲಕ ಆಂಧ್ರ ಕರಾವಳಿಯ ರವ್ವಾ ಫೀಲ್ಡಿಗೆ ಬಂದರು. ರಾಜಸ್ಥಾನದ ಬಾರ್ಮೇರ್ ಬ್ಲಾಕಿನಲ್ಲಿ ಶೆಲ್ ಪಾಲುದಾರ. ಶೆಲ್ 2002ರಲ್ಲಿ ತನ್ನ ಪಾಲನ್ನು ಕೈರ್ನ್‌ಗೆ ಒಂದು ಕೋಟಿ ಡಾಲರಿಗಿಂತಲೂ ಕಡಿಮೆಗೆ ಕೊಟ್ಟು ಹೊರಟಿತು. 2004ರ ಜನವರಿಯಲ್ಲಿ ಅಲ್ಲಿ ಮಂಗಳಾ ಎಂಬ ತೈಲ ಫೀಲ್ಡ್ ಸಿಕ್ಕಿತು. ಎರಡು ದಶಕದಲ್ಲಿ ಭಾರತದ ನೆಲದ ಮೇಲೆ ಸಿಕ್ಕಿದ ಅತಿ ದೊಡ್ಡ ತೈಲ. ಅದೇ ವರ್ಷ ಕೈರ್ನ್ ಲಂಡನ್‌ನ ಮೊದಲ ನೂರು ಕಂಪನಿಗಳ ಸೂಚ್ಯಂಕಕ್ಕೆ ಹೋಯಿತು.

ತೈಲ ಸಿಕ್ಕಿತು ಎಂದರೆ ಮುಗಿಯಲಿಲ್ಲ ನೋಡಿ. ಬಾರ್ಮೇರ್ ಕ್ರೂಡಿನಲ್ಲಿ ಮೇಣದ ಅಂಶ ತುಂಬಾ. ಲ್ಯಾಬಿನಲ್ಲಿ ಅಂಥ ಕ್ರೂಡನ್ನು ಬಾಟಲಿಗೆ ಹಾಕಿ ಎಸಿ ರೂಮಿನಲ್ಲಿ ಇಟ್ಟರೆ ಬೂಟ್ ಪಾಲಿಶಿನ ಹಾಗೆ ಗಟ್ಟಿ ಆಗ್ತದೆ, ಬಾಟಲಿ ಬೋರಲು ಹಿಡಿದರೂ ಜಾರುವುದಿಲ್ಲ. ಗಾಜಿಗೆ ಅಂಟಿದ್ದನ್ನು ತೆಗೆಯಲಿಕ್ಕೆ ಬಿಸಿ ನೀರೇ ಬೇಕು. ಅದನ್ನು ಬಾವಿಯಿಂದ ಗುಜರಾತಿನ ಕಡಲತನಕ ತರಲು ಸುಮಾರು 670 ಕಿಲೋಮೀಟರ್ ಉದ್ದಕ್ಕೂ ಬಿಸಿ ಮಾಡುವ ಪೈಪ್‌ಲೈನ್ ಹಾಕಬೇಕಾಯಿತು, ದಾರಿಯುದ್ದ ಹೀಟಿಂಗ್ ಸ್ಟೇಶನ್. ಸಿಕ್ಕಿದ್ದು 2004ರಲ್ಲಿ, ಉತ್ಪಾದನೆ ಶುರು 2009ರ ಆಗಸ್ಟಿನಲ್ಲಿ. ಐದೂವರೆ ವರ್ಷ! ಸಣ್ಣ ಕಂಪನಿಗೆ ಅಷ್ಟು ವರ್ಷ ಹಣ ಹೊಂದಿಸುವುದು ಸಣ್ಣ ಮಾತಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೇನೆ. ಮಂಗಳಾ ಹುಡುಕಿದ ಅದೇ ಕಂಪನಿ ಗ್ರೀನ್‌ಲ್ಯಾಂಡಿಗೆ ಹೋಯಿತು. 2010 ಮತ್ತು 2011ರಲ್ಲಿ ಎಂಟು ಬಾವಿ, ನೂರು ಕೋಟಿ ಡಾಲರ್‌ ಮೇಲೆ ಖರ್ಚು, ಮಾರುವಷ್ಟು ತೈಲ ಒಂದರಲ್ಲೂ ಇಲ್ಲ. ಆಮೇಲೆ 2014ರಲ್ಲಿ ಸೆನೆಗಲ್ ಸಮುದ್ರದಲ್ಲಿ ಮತ್ತೆ ದೊಡ್ಡದು ಸಿಕ್ಕಿತು. ಹುಡುಕುವ ವಿದ್ಯೆ ಇದ್ದವರಿಗೂ ಅದು ಪ್ರತಿ ಸಲ ಕೈ ಹಿಡಿಯುವುದಿಲ್ಲ.

ಕ್ಯಾಲ್ಗರಿ_ಕನ್ನಡಿಗ:
ಸರ್, ತುಂಬಾ ಧನ್ಯವಾದ, ನಾನು ಹೇಳ್ಬೇಕು ಅಂದ್ಕೊಂಡಿದ್ದನ್ನೇ ನೀವು ಇನ್ನೂ ಚೆನ್ನಾಗಿ ಹೇಳಿದ್ರಿ. ಹೊಸ ಬೇಸಿನ್‌ನಲ್ಲಿ (ಮುಂಚೆ ತೈಲ ಸಿಗದ ಪ್ರದೇಶದಲ್ಲಿ) ಮೊದಲ ಬಾವಿ ಕೊರೆಯೋದು ಅಂದ್ರೆ ಎಂಥಾ ತಜ್ಞರಿಗೂ ಸೋಲೋ ಸಂಭವನೇ ಜಾಸ್ತಿ, ಕಂಪನಿಗಳೇ ತಮ್ಮ ಪ್ರೆಸೆಂಟೇಷನ್‌ಲಿ ಐದರಲ್ಲಿ ಒಂದು, ಆರರಲ್ಲಿ ಒಂದು ಚಾನ್ಸ್ ಅಂತ ಬರ್ಕೊಂಡಿರ್ತಾರೆ. ಒಂದೇ ಬಾವಿಗೆ ಕಂಪನಿಯ ಅರ್ಧ ದುಡ್ಡು ಹೋಗೋ ಕಡೆ "ಇವ್ರು ಮುಂಚೆ ಹುಡುಕಿದ್ರು" ಅನ್ನೋದನ್ನ ನಂಬಿ ನಾನಂತೂ ಹಾಕಲ್ಲ.

ಅದಕ್ಕೇ ರೋಸೆಲ್ ಟೀಮ್‌ನ ಮುಂದಿನ ಕಂಪನಿ ಹೆಡ್‌ವಾಟರ್ ನನಗೆ ಇಷ್ಟ ಆಗಿದ್ದು. ಲೆಕ್ಕಪತ್ರ ಸರ್ ಹೇಳಿದ ಬೇಟೆಕ್ಸ್ ಕಥೆ ಆದ್ಮೇಲಿನದು ಇದು. 2020ರ ಜನವರಿಯಲ್ಲಿ ಕಾರಿಡಾರ್ ರಿಸೋರ್ಸಸ್ ಅನ್ನೋ ಕಂಪನಿ, ಪೂರ್ವ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಒಂದಿಷ್ಟು ಗ್ಯಾಸ್ ಇದ್ದ, ಸಾಲ ಇಲ್ಲದ, ಬ್ಯಾಂಕಲ್ಲಿ ಕ್ಯಾಶ್ ಇದ್ದ ಕಂಪನಿ, ಅದರ ಒಳಗೆ ಈ ಟೀಮ್ ಬಂತು, ಅದೇ ಹೆಡ್‌ವಾಟರ್ ಆಯ್ತು. ಒಟ್ಟು ಐದು ಕೋಟಿ ಡಾಲರ್ ಹೊಸ ಬಂಡವಾಳ, ಷೇರಿಗೆ 92 ಸೆಂಟ್, ಟೀಮ್‌ನವರೂ ಅದೇ ರೇಟಿಗೆ ತಮ್ಮ ಸ್ವಂತ ದುಡ್ಡು ಹಾಕಿದ್ರು. ಡೀಲ್ ಮುಗಿದಿದ್ದು ಮಾರ್ಚ್ ಮೊದಲ ವಾರ, ಅಲ್ಲಿಂದ ಕೆಲವೇ ದಿನಕ್ಕೆ ತೈಲ ರೇಟ್ ಕುಸಿತು, ಏಪ್ರಿಲ್‌ನಲ್ಲಿ ಅಮೆರಿಕದ ಫ್ಯೂಚರ್ಸ್ ರೇಟ್ (ಮುಂದಿನ ತಿಂಗಳ ತೈಲಕ್ಕೆ ಮೊದಲೇ ಮಾತಾಡೋ ಬೆಲೆ) ಸೊನ್ನೆಗಿಂತ ಕೆಳಗೇ ಹೋಯ್ತಲ್ಲ, ಆಗ ಇವರು ಏನೂ ಮಾಡ್ಲಿಲ್ಲ. ಕ್ಯಾಶ್ ಇಟ್ಕೊಂಡು ಸುಮ್ನೆ ಕೂತ್ರು. ವರ್ಷದ ಕೊನೇಲಿ ಸೆನೋವಸ್ ಅನ್ನೋ ದೊಡ್ಡ ತೈಲ ಕಂಪನಿ, ಹಸ್ಕಿ ಜೊತೆ ವಿಲೀನದ ಮಧ್ಯೆ ಇದ್ದಾಗ, ಅದರ ಹತ್ರ ಇದ್ದ ಮಾರ್ಟನ್ ಹಿಲ್ಸ್ ಜಾಗ ತಗೊಂಡ್ರು, ಮೂರೂವರೆ ಕೋಟಿ ಡಾಲರ್ ಕ್ಯಾಶು, ಐದು ಕೋಟಿ ಷೇರು, ಜೊತೆಗೆ ಎರಡು ಡಾಲರ್‌ನ ವಾರಂಟ್, ಅಂದ್ರೆ ಮುಂದೆ ಆ ರೇಟಿಗೆ ಷೇರು ತಗೊಳ್ಳೋ ಹಕ್ಕು.

ಅಲ್ಲಿ ಇರೋದು ಕ್ಲಿಯರ್‌ವಾಟರ್ ಅನ್ನೋ ಪದರ. ಫ್ರ್ಯಾಕಿಂಗ್ (ಒತ್ತಡದಲ್ಲಿ ನೀರು ನುಗ್ಗಿಸಿ ಬಂಡೆ ಬಿರುಕು ಬಿಡಿಸೋದು) ಬೇಡ. ಮೇಲಿಂದ ಒಂದೇ ಬಾವಿ ಇಳಿಸಿ, ಕೆಳಗೆ ಬಾಚಣಿಗೆ ಹಲ್ಲಿನ ಥರ ಆರೆಂಟು ಅಡ್ಡ ಕಾಲು ಬಿಡ್ತಾರೆ, ಆ ಕಾಲುಗಳಿಗೆ ಕೇಸಿಂಗ್ ಪೈಪ್ ಕೂಡ ಹಾಕಲ್ಲ. ಖರ್ಚು ಕಮ್ಮಿ, ಹಾಕಿದ ದುಡ್ಡು ಬೇಗ ವಾಪಸ್ ಬರುತ್ತೆ. ತೈಲ ಎಲ್ಲಿದೆ ಅಂತ ಮೊದಲೇ ಗೊತ್ತು, ಪ್ರಶ್ನೆ ಏನಿದ್ರೂ ಎಷ್ಟು ಕಡಿಮೆಗೆ ತೆಗೀತೀರಿ, ಆಮೇಲೆ ನೀರು ತುಂಬಿಸಿ ಎಷ್ಟು ವರ್ಷ ಉಳಿಸ್ಕೊತೀರಿ ಅನ್ನೋದು. ಒಂದು ಬಾವಿ ಚೆನ್ನಾಗಿ ಬರ್ಲಿಲ್ಲ ಅಂದ್ರೆ ಮುಂದಿನದ್ರಲ್ಲಿ ತಿದ್ಕೊಬಹುದು. ಇಂಥ ಕಡೆ ಟೀಮ್ ಕೌಶಲ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತೆ. ಉತ್ಪಾದನೆ ದಿನಕ್ಕೆ 20 ಸಾವಿರ ಬ್ಯಾರಲ್ ದಾಟ್ತು, ಸಾಲ ಮಾಡದೇನೇ.

ಮಲ್ಲೇಶ್ವರಂ_18ನೇಕ್ರಾಸ್:
ನಾನು ಹೊಸಬಳು, ತಪ್ಪು ಕೇಳಿದ್ರೆ ಹೇಳಿ. ನಮಗೆ ಇಲ್ಲಿ ಕೂತು ಕೆನಡಾದ ಟೊರೊಂಟೊ ಷೇರುಪೇಟೆಯ ಷೇರು ತಗೊಳೋಕೆ ಆಗುತ್ತಾ? ಇಲ್ಲಾಂದ್ರೆ ನಮ್ಮ ಎನ್‌ಎಸ್‌ಇಯಲ್ಲಿ ಈ ಥರದ್ದು ಯಾವುದಿದೆ? ಇನ್ನೊಂದು, ಟೀಮ್‌ನವರು "ಅದೇ ರೇಟಿಗೆ ದುಡ್ಡು ಹಾಕಿದ್ರು" ಅನ್ನೋದಕ್ಕೆ ಯಾಕೆ ಅಷ್ಟು ಒತ್ತು ಕೊಡ್ತೀರಿ, ಎಲ್ಲಾ ಪ್ರಮೋಟರ್‌ಗಳದ್ದೂ ಷೇರು ಇರುತ್ತಲ್ವಾ?

ಲೆಕ್ಕಪತ್ರ:
ಮೇಡಂ, ಮೊದಲನೇದಕ್ಕೆ ಚಿಕ್ಕ ಉತ್ತರ: ಎಲ್‌ಆರ್‌ಎಸ್ (ವಿದೇಶಕ್ಕೆ ದುಡ್ಡು ಕಳಿಸೋ ರಿಸರ್ವ್ ಬ್ಯಾಂಕ್ ಸ್ಕೀಮ್) ಅಡಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಕಳಿಸಬಹುದು, ಆದ್ರೆ ಅಮೆರಿಕದ ಷೇರು ಕೊಡೋ ಆ್ಯಪ್‌ಗಳಲ್ಲಿ ಎಲ್ಲದರಲ್ಲೂ ಟೊರೊಂಟೊ ಸಿಗಲ್ಲ, ಬ್ರೋಕರ್‌ನ ಕೇಳ್ಕೊಳ್ಳಿ.

ಷೇರು ಇರೋದಕ್ಕೂ ದುಡ್ಡು ಹಾಕಿರೋದಕ್ಕೂ ವ್ಯತ್ಯಾಸ ಇದೆ. ಸಂಬಳದ ಭಾಗವಾಗಿ ಕೊಡೋ ಸ್ಟಾಕ್ ಆಪ್ಷನ್‌ಲಿ ಬಂದಿದ್ರೆ ಷೇರು ಬಿದ್ದಾಗ ಅವರಿಗೆ ಜೇಬಿಂದ ಏನೂ ಹೋಗಲ್ಲ. ಆಮೇಲೆ ವಾರಂಟ್ ನೋಡ್ಬೇಕು. ಹೆಡ್‌ವಾಟರ್‌ನಲ್ಲೂ 92 ಸೆಂಟ್‌ಗೆ ವಾರಂಟ್ ಇತ್ತು, ಅಂದ್ರೆ ಷೇರು ಏರಿದ್ರೆ ಟೀಮ್‌ಗೆ ಹೆಚ್ಚುವರಿ ಷೇರು ಅಗ್ಗಕ್ಕೆ. ಅದು ಅವರ ಕೂಲಿ ಅಂತ ಒಪ್ಕೊಳ್ಳಿ, ಆದ್ರೆ ನಿಮ್ಮ ಲೆಕ್ಕದಲ್ಲಿ ಒಟ್ಟು ಷೇರು ಎಷ್ಟು ಅನ್ನುವಾಗ ಅದನ್ನೂ ಸೇರಿಸಿ. ಕೆನಡಾದಲ್ಲಿ ಡೈರೆಕ್ಟರ್‌ಗಳು ಯಾವಾಗ ತಗೊಂಡ್ರು ಯಾವಾಗ ಮಾರಿದ್ರು ಅನ್ನೋದು ಸೆಡಿ ಅನ್ನೋ ಸರ್ಕಾರಿ ತಾಣದಲ್ಲಿ ಎಲ್ಲರಿಗೂ ಕಾಣುತ್ತೆ.

ನಮ್ಮ ಕೈರ್ನ್‌ನಲ್ಲೇ ಇದರ ಒಂದು ಪಾಠ ಇದೆ. 2010ರಲ್ಲಿ ವೇದಾಂತ ಕೈರ್ನ್ ಇಂಡಿಯಾ ತಗೊಳ್ತೀವಿ ಅಂದಾಗ ಸ್ಕಾಟ್ಲೆಂಡ್‌ನ ಮಾತೃ ಕಂಪನಿಗೆ ಷೇರಿಗೆ 405 ರೂಪಾಯಿ, ಅದರಲ್ಲಿ 50 ರೂಪಾಯಿ "ಇಲ್ಲಿ ಮತ್ತೆ ಸ್ಪರ್ಧೆಗೆ ಬರಲ್ಲ" ಅನ್ನೋ ಕರಾರಿಗೆ. ನಮ್ಮ ನಿಮ್ಮಂಥ ಸಣ್ಣ ಷೇರುದಾರರಿಗೆ ಓಪನ್ ಆಫರ್ (ಸಾರ್ವಜನಿಕರಿಂದ ಷೇರು ಕೊಳ್ಳೋಕೆ ಕೊಡೋ ರೇಟ್) 355. ಕೊನೆಗೆ ಆ 50 ರೂಪಾಯಿ ಕೈಬಿಟ್ರು ಅನ್ನೋದು ಬೇರೆ ಮಾತು. ಹೆಸರುವಾಸಿ ಟೀಮ್ ಆಗಿದ್ರೂ ಮಾರೋ ದಿನ ಅವರ ಷೇರಿಗೂ ನಿಮ್ಮ ಷೇರಿಗೂ ಒಂದೇ ರೇಟಾ ಅಂತ ನೋಡ್ಬೇಕು.

ಹುಬ್ಬಳ್ಳಿ_ಹುಡುಗ:
ಎನ್‌ಎಸ್‌ಇದಾಗಂದ್ರ ಎಚ್‌ಒಇಸಿ ಐತ್ರಿ ಮೇಡಂ, ಹಿಂದೂಸ್ತಾನ್ ಆಯಿಲ್ ಎಕ್ಸ್‌ಪ್ಲೊರೇಷನ್. ನಾ ಅದನ್ನ ಭಾಳ ವರ್ಷದಿಂದ ನೋಡಾಕತ್ತೇನಿ. 1983ರಾಗ ಎಚ್.ಟಿ. ಪಾರೇಖ್ ಅವ್ರು ಶುರು ಮಾಡಿದ್ದು. ನಡುವ ಇಟಲಿಯ ಎನಿ ಕಂಪನಿ ಕೈಯಾಗ ಎಲ್ಲಾರಕಿಂತ ದೊಡ್ಡ ಪಾಲು ಇತ್ತು. ಪಿವೈ-1 ಅಂತ ಕಾವೇರಿ ಕಡೆ ಸಮುದ್ರದಾಗಿನ ಗ್ಯಾಸ್ ಫೀಲ್ಡ್ ನಂಬಿದ್ದಂಗ ಬರಲಿಲ್ಲ, ಎನಿ ಹೊರಗ ಹೋತು. 2015ರಾಗ ಪಿ. ಇಳಂಗೋ ಅವ್ರು ಎಂಡಿ ಆಗಿ ಬಂದ್ರು, ಕೈರ್ನ್ ಇಂಡಿಯಾದಾಗ ಮಧ್ಯಂತರ ಸಿಇಒ ಆಗಿದ್ದಾವ್ರು. ಸಂಗಡ ಆರ್. ಜೀವಾನಂದಂ. ಇದ ನೋಡ್ರಿ ನಮ್ಮ ಕಡೆ "ಹಳೇ ಟೀಮ್, ಹೊಸ ಸಣ್ಣ ಕಂಪನಿ" ಅನ್ನೂದು.

ಅಸ್ಸಾಂದಾಗ ದಿರೋಕ್ ಅಂತ ಗ್ಯಾಸ್ ಫೀಲ್ಡ್, ಮದಲ ಗೊತ್ತಿದ್ದದ್ದು, ಹಂಗ ಬಿದ್ದಿತ್ತು. ಇವ್ರು ಬಂದು ಸಣ್ಣ ಸಣ್ಣ ಭಾಗಾ ಮಾಡಿ ಜೋಡಸೂ ಅಂಥಾ ಗ್ಯಾಸ್ ಪ್ಲಾಂಟ್ ಕಟ್ಟಿ 2017ರ ಆಗಸ್ಟ್‌ದಾಗ ಉತ್ಪಾದನೆ ಶುರು ಮಾಡಿದ್ರು. ಕಂಪನಿ ಪಾಲು ಬರೇ 27 ಪರ್ಸೆಂಟ್, ಉಳದದ್ದು ಆಯಿಲ್ ಇಂಡಿಯಾ ಮತ್ತ ಐಒಸಿ, ಆದ್ರ ನಡಸೂದು ಎಚ್‌ಒಇಸಿ. ಆವಾಗ ನನಗ ಭಾಳ ಖುಷಿ ಆತು, ಹೇಳಿದ್ದ ಮಾಡಿ ತೋರಿಸಿದ್ರು ಅಂತ. ಆಮ್ಯಾಲ ಮುಂಬೈ ಸಮುದ್ರದಾಗ ಬಿ-80. 2016ರ ಸಣ್ಣ ಫೀಲ್ಡ್ ಹರಾಜಿನ್ಯಾಗ ತಗೊಂಡಿದ್ದು, ಹಳೇ ಜಾಕ್‌ಅಪ್ ರಿಗ್‌ನ (ಸಮುದ್ರದ ತಳಕ್ಕ ಕಾಲೂರಿ ನಿಲ್ಲೂ ಕೊರೆಯೂ ಯಂತ್ರ) ಪ್ಲಾಟ್‌ಫಾರ್ಮ್ ಮಾಡಿದ್ರು, ತೈಲ ಇಡಾಕ ಬಾಜು ಒಂದು ಟ್ಯಾಂಕರ್ ಹಡಗ. ಐಡಿಯಾ ಛಲೋ ಇತ್ತು, ಖರ್ಚೂ ಉಳೀತಿತ್ತು, ಆದ್ರ ಶುರು ಆಗಾಕ 2022 ಆತು. ಎರಡ ಬಾವಿ ನಂಬಿಕೊಂಡು ಇದ್ದಾಗ ಒಂದರಾಗ ಏನರ ತೊಂದ್ರಿ ಬಂದ್ರ ಇಡೀ ಕ್ವಾರ್ಟರ್ ಲೆಕ್ಕಾನ ತಪ್ಪತೈತಿ. ಟ್ಯಾಂಕರ್ ತುಂಬಿ ತೈಲ ಮಾರಾಟಕ್ಕ ಸಾಗಸೂದು ಒಂದು ವಾರ ಆಕಡೆ ಹೋದ್ರೂ ಆ ಕ್ವಾರ್ಟರ್ ಸೇಲ್ಸ್ ಬೀಳ್ತೈತಿ. ಟೀಮ್ ಕೆಟ್ಟದ್ದು ಅಂತ ನಾ ಹೇಳಂಗಿಲ್ಲ. ಆದ್ರ ನಮ್ಮ ದೇಶದಾಗ ಪರ್ಮಿಷನ್ನು, ಸಮುದ್ರದ ಹವಾ, ಪಾಲುದಾರರು, ಇವೆಲ್ಲ ಸೇರಿದ್ರ ಕ್ಯಾಲ್ಗರಿಯ ಐದು ವರ್ಷದ ಕೆಲಸ ಇಲ್ಲಿ ಹತ್ತು ವರ್ಷ ಹಿಡೀತೈತಿ.

ಸುರತ್ಕಲ್_ಕಡೆಯವ:
ಹೌದು, ಸರ್ಕಾರದ ಅಂಶ ಬಿಟ್ಟು ಮಾತಾಡ್ಲಿಕ್ಕೇ ಆಗುವುದಿಲ್ಲ. ಕೈರ್ನ್‌ಗೆ 2006ರ ಒಳಗಿನ ಪುನರ್‌ರಚನೆಗೆ 2012ರ ಕಾನೂನು ಹಿಡಿದು ತೆರಿಗೆ ಕೇಳಿದರು, ಅವರ ಕೈಯಲ್ಲಿ ಉಳಿದಿದ್ದ ಷೇರನ್ನು ಇಲಾಖೆಯೇ ಮಾರಿತು. 2020ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿ ಕೈರ್ನ್ ಪರ ತೀರ್ಪು ಕೊಟ್ಟಿತು, 120 ಕೋಟಿ ಡಾಲರ್ ಜೊತೆಗೆ ಬಡ್ಡಿ. 2021ರಲ್ಲಿ ಆ ಕಾನೂನು ಹಿಂದೆ ತೆಗೆದು ಮರುವರ್ಷ ಸುಮಾರು 7,900 ಕೋಟಿ ರೂಪಾಯಿ ವಾಪಸ್ ಕೊಟ್ಟರು. ಎಂಥ ಒಳ್ಳೆ ಟೀಮ್ ಆದರೂ ಇದನ್ನು ಮುಂಚಿತ ಊಹಿಸುವುದು ಹೇಗೆ?

ಆದರೆ ಸಣ್ಣವರಿಗೆ ಅನುಕೂಲ ಆದದ್ದೂ ಉಂಟು. 2022ರ ಜುಲೈ 1ಕ್ಕೆ ದೇಶದೊಳಗಿನ ಕ್ರೂಡಿನ ಮೇಲೆ ಟನ್ನಿಗೆ 23,250 ರೂಪಾಯಿ ವಿಂಡ್‌ಫಾಲ್ ತೆರಿಗೆ (ರೇಟ್ ಏರಿ ದಿಢೀರ್ ಬಂದ ಲಾಭದ ಮೇಲಿನ ತೆರಿಗೆ) ಹಾಕಿದಾಗ, ಹಿಂದಿನ ವರ್ಷ 20 ಲಕ್ಷ ಬ್ಯಾರಲಿಗಿಂತ ಕಡಿಮೆ ತೆಗೆದ ಕಂಪನಿಗಳಿಗೆ ಅದರಿಂದ ವಿನಾಯಿತಿ ಇತ್ತು. 2024ರ ಡಿಸೆಂಬರಿನಲ್ಲಿ ಆ ತೆರಿಗೆಯನ್ನೇ ತೆಗೆದರು.

ಮಲ್ಲೇಶ್ವರಂ_18ನೇಕ್ರಾಸ್:
ಇದೆಲ್ಲಾ ಓದ್ತಾ ಇದ್ರೆ ತಲೆ ತಿರುಗುತ್ತೆ, ಆದ್ರೂ ತುಂಬಾ ಉಪಯೋಗ ಆಯ್ತು. ಒಂದು ಕೊನೇ ಪ್ರಶ್ನೆ. ಕಂಪನಿ ರಿಪೋರ್ಟ್ ತೆಗೆದ್ರೆ ಎಲ್ಲರೂ "ಉತ್ಪಾದನೆ ಶೇಕಡಾ ಇಷ್ಟು ಏರಿಕೆ" ಅಂತಾನೇ ಮೊದಲ ಪುಟದಲ್ಲಿ ಹಾಕಿರ್ತಾರೆ. ನನ್ನಂಥವಳು ಯಾವ ಪುಟ ನೋಡ್ಬೇಕು?

ಕ್ಯಾಲ್ಗರಿ_ಕನ್ನಡಿಗ:
ಮೊದಲ ಪುಟ ಬಿಟ್ಟುಬಿಡಿ. ಉತ್ಪಾದನೆ ಡಬಲ್ ಆಗಿ ಷೇರು ಸಂಖ್ಯೆನೂ ಡಬಲ್ ಆಗಿದ್ರೆ ನಿಮ್ಮ ಪಾಲಿಗೆ ಬಂದಿದ್ದು ಸೊನ್ನೆ. ಹಂಗಾಗಿ ದಿನದ ಉತ್ಪಾದನೆಯನ್ನ ಒಟ್ಟು ಷೇರಿಂದ ಭಾಗಿಸಿ, ಸಾಲವನ್ನೂ ಹಂಗೇ ಭಾಗಿಸಿ, ಐದು ವರ್ಷದ್ದು ಪಕ್ಕಪಕ್ಕ ಬರ್ಕೊಳ್ಳಿ. ಹಳೇ ಕಂಪನಿಗಳಲ್ಲೂ ಆ ಟೀಮ್ ಹಿಂಗೇ ಮಾಡಿತ್ತಾ ಅಂತ ನೋಡೋಕೆ ಹಳೇ ರಿಪೋರ್ಟ್‌ಗಳು ಸೆಡಾರ್ ಪ್ಲಸ್ ಅನ್ನೋ ಕೆನಡಾದ ತಾಣದಲ್ಲಿ ಇವತ್ತಿಗೂ ಸಿಗುತ್ತೆ, ನಾನು ರೇಜಿಂಗ್ ರಿವರ್‌ದು ಹಂಗೇ ಓದಿದ್ದು.

ಆಮೇಲೆ ರಿಸರ್ವ್ ಪುಟ. ಕೆನಡಾದಲ್ಲಿ ಮೆಕ್‌ಡೇನಿಯಲ್, ಜಿಎಲ್‌ಜೆ ಥರದ ಹೊರಗಿನ ಎಂಜಿನಿಯರಿಂಗ್ ಸಂಸ್ಥೆ ನೆಲದೊಳಗೆ ಎಷ್ಟು ತೈಲ ಇದೆ ಅಂತ ಪ್ರತಿ ವರ್ಷ ಲೆಕ್ಕ ಹಾಕುತ್ತೆ. ಅದರಲ್ಲಿ ಈಗಾಗಲೇ ಹರೀತಿರೋ ಬಾವಿಗಳ ರಿಸರ್ವ್ ಬೇರೆ, ಮುಂದೆ ಕೊರೆದ್ರೆ ಬರಬಹುದು ಅನ್ನೋದು ಬೇರೆ. ಮೊದಲನೇದನ್ನ ಮಾತ್ರ ತಗೊಂಡು, ಒಂದು ಬ್ಯಾರಲ್ ಹೊಸದಾಗಿ ಸೇರಿಸೋಕೆ ಎಷ್ಟು ಖರ್ಚಾಯ್ತು ನೋಡಿ. ಒಂದು ಬ್ಯಾರಲ್ ಮಾರಿ, ರಾಯಲ್ಟಿ, ಸಾಗಾಣಿಕೆ, ನಡೆಸೋ ಖರ್ಚು ಕಳೆದು ಕೈಗೆ 40 ಡಾಲರ್ ಉಳಿದು, ಹೊಸ ಬ್ಯಾರಲ್ ಸೇರಿಸೋಕೆ 16 ಆಗಿದ್ರೆ ಅದು ಎರಡೂವರೆ ಪಟ್ಟು, ಗಟ್ಟಿ ವ್ಯಾಪಾರ. 40 ಉಳಿದು 35 ಖರ್ಚಾಗ್ತಿದ್ರೆ ರೇಟ್ ಸ್ವಲ್ಪ ಬಿದ್ರೂ ಸಾಲ ಶುರುವಾಗುತ್ತೆ. ಟಲ್ಲೋ ನೆನಪಿಸ್ಕೊಳ್ಳಿ, ಘಾನಾದಲ್ಲಿ ಜುಬಿಲಿಯಂಥ ಫೀಲ್ಡ್ 2007ರಲ್ಲಿ ಹುಡುಕಿದ ಕಂಪನಿ, ಸಾಲ ಬೆಳೀತಾ ಹೋಗಿ 2019ರ ಡಿಸೆಂಬರ್‌ನಲ್ಲಿ ಉತ್ಪಾದನೆ ಅಂದಾಜು ಇಳಿಸಿ ಡಿವಿಡೆಂಡ್ ನಿಲ್ಲಿಸಿದ ದಿನ, ಸಿಇಒ ರಾಜೀನಾಮೆನೂ ಸೇರಿ, ಒಂದೇ ದಿನಕ್ಕೆ ಷೇರು ಮುಕ್ಕಾಲು ಪಾಲಿನ ಹತ್ರ ಬಿತ್ತು.

ಹುಬ್ಬಳ್ಳಿ_ಹುಡುಗ:
ಈ ಲೆಕ್ಕಾ ನಾ ಎಚ್‌ಒಇಸಿಗೆ ಹಾಕಿ ನೋಡ್ತೇನ್ರಿ. ಇನ್ನೊಂದು ಸೆಲಾನ್ ಐತಿ, ಗುಜರಾತದಾಗ ಬಾಕ್ರೋಲ್, ಇಂದ್ರೋರಾ, ಲೋಹಾರ್ ಫೀಲ್ಡ್ ಇದ್ದದ್ದು. 2022ರಾಗ ಹಳೇ ಪ್ರಮೋಟರ್ ಪಾಲು ಆಂಟೆಲೋಪಸ್ ಕಡೆಯವ್ರು ತಗೊಂಡ್ರು, ಅವ್ರೂ ಕೈರ್ನ್‌ದಾಗ ಪಳಗಿದಾವ್ರ. ಹಳೇ ಬಾವಿ ರಿಪೇರಿ ಮಾಡಿ ಉತ್ಪಾದನೆ ಏರಸೂ ಕೆಲಸ, ಕ್ಯಾಲ್ಗರಿ ಸರ್ ಹೇಳಿದ "ಮತ್ತ ಮತ್ತ ಬರೂ ವಿದ್ಯಾ" ಅದ ಇರಬೇಕು. ಆದ್ರ ಕೈರ್ನ್‌ದಾಗ ಇದ್ರು ಅಂದಕೂಡ್ಲೆ ಅಲ್ಲಿ ಅವ್ರು ಯಾವ ಕೆಲಸ ಮಾಡ್ತಿದ್ರು ಅಂತ ಕೇಳಬೇಕಲ್ರಿ? ಸಬ್‌ಸರ್ಫೇಸ್ (ನೆಲದೊಳಗಿನ ತೈಲ ಅಭ್ಯಾಸ ಮಾಡೂ) ಟೀಮ್‌ದಾಗ ಇದ್ರೋ, ಕಮರ್ಷಿಯಲ್ ಕಡೆ ಇದ್ರೋ?

ಕ್ಯಾಲ್ಗರಿ_ಕನ್ನಡಿಗ:
ಅದೇ ಸರಿಯಾದ ಪ್ರಶ್ನೆ. ಮುಖ್ಯಸ್ಥರ ಹೆಸರಷ್ಟೇ ನೋಡದೆ, ಬಾವಿ ಕೆಲಸ ಮಾಡೋ ಎಂಜಿನಿಯರು, ಜಿಯಾಲಜಿಸ್ಟು ಜೊತೆಗೆ ಬಂದಿದಾರಾ ನೋಡಿ. ಹೆಡ್‌ವಾಟರ್‌ನಲ್ಲಿ ರೋಸೆಲ್ ಸಿಇಒ ಹುದ್ದೆ ಬಿಟ್ಟಾಗ ಜೇಸನ್ ಜಾಸ್ಕೆಲಾ ಬಂದ್ರು, ರೇಜಿಂಗ್ ರಿವರ್ ಕಾಲದಿಂದ ಜೊತೇಲಿದ್ದವರು, ಬಾವಿ ಕಡೆಯ ಕೆಲಸ ನೋಡ್ತಿದ್ದವರು. ನಾನು ಷೇರು ಮಾರ್ಲಿಲ್ಲ, ಕಾರಣ ಅದೊಂದೇ. ನೀವು ಸೆಲಾನ್, ಎಚ್‌ಒಇಸಿ ಎರಡಕ್ಕೂ ಷೇರಿಗೆ ಎಷ್ಟು ಬ್ಯಾರಲ್ ಅನ್ನೋ ಐದು ವರ್ಷದ ಲೆಕ್ಕ ಹಾಕಿ ಇಲ್ಲೇ ಹಾಕಿ, ಲೆಕ್ಕಪತ್ರ ಸರ್ ಒಂದ್ಸಲ ನೋಡ್ಲಿ, ಹೆಡ್‌ವಾಟರ್‌ದು ನಾನು ಹಾಕ್ತೀನಿ.